ಮನೆಗೊಂದು ಗಣಕ: ಹಾಜರಿ ಪುಸ್ತಕದಲ್ಲಿ ಉಳಿದುಹೋದ ಹೆಸರು



ಚಿಕ್ಕಮಗಳೂರಿನಿಂದ ಕೈಮರವನ್ನು ದಾಟಿ ಬಾಬಾಬುಡನ್‌ಗಿರಿಯ ಕಡೆಗೆ ಘಟ್ಟವೇರುವ ಹಾದಿಯಲ್ಲಿ ಅತ್ತಿಗುಂಡಿ ಎಂಬ ಪುಟ್ಟ ಊರಿದೆ. ಮಳೆಗಾಲದಲ್ಲಿ ಅಲ್ಲಿ ಮಂಜು ಬಾಗಿಲನ್ನು ಕೇಳದೆಯೇ ಒಳಗೆ ಬರುತ್ತದೆ. ವಿದ್ಯುತ್ತು ಹೋದರೆ ಮರಳಿ ಯಾವಾಗ ಬಂದೀತೆಂದು ಹೇಳಬಲ್ಲವರಿಲ್ಲ. ಆ ಊರಿನ ಸಮೀಪದಲ್ಲಿ ಕಾಫಿ ತೋಟ ಮಾಡಿಕೊಂಡಿರುವ ನಮ್ಮ ಅಕ್ಕನ ಮನೆಯಿಂದ ಕಳೆದ ಮಳೆಗಾಲದ ಒಂದು ಸಂಜೆ ದೂರವಾಣಿ ಕರೆ ಬಂದಿತು. ಮಾತನಾಡಿದವನು ಅಕ್ಕನ ಮಗ.

“ಮಾವ, ಕಂಪ್ಯೂಟರ್ ಏಳ್ತಾ ಇಲ್ಲ. ನೀಲಿ ಪರದೆ ಬರುತ್ತೆ, ತಾನಾಗಿಯೇ ಆರಿ ಮತ್ತೆ ಹತ್ತಿಕೊಳ್ಳುತ್ತೆ, ಮತ್ತೆ ಅದೇ ನೀಲಿ ಪರದೆ. ನಾನು ಬೇರೇನೂ ಮಾಡಲಿಲ್ಲ. ಆ ಬ್ಯಾಕಪ್ ಸಾಫ್ಟ್‌ವೇರ್ ತೆಗೆದುಹಾಕಿದೆ, ಅಷ್ಟೆ.”

ಹಿನ್ನೆಲೆಯಲ್ಲಿ ಅಕ್ಕನ ಧ್ವನಿ ಕೇಳಿಸುತ್ತಿತ್ತು. “ಅಪ್ಪಾಜಿಯವರ ಮಳೆ ಲೆಕ್ಕ ಇದೆಯೋ ಹೋಯಿತೋ, ಅದನ್ನು ಮೊದಲು ಕೇಳು.”

ಈ ಮಳೆ ಲೆಕ್ಕದ ವಿಷಯವನ್ನು ಓದುಗರಿಗೆ ತಿಳಿಸದಿದ್ದರೆ ಮುಂದಿನ ಮಾತಿಗೆ ಅರ್ಥವಿರುವುದಿಲ್ಲ. ಕಾಫಿ ಸೀಮೆಯ ಹಿರಿಯರಲ್ಲಿ ಪ್ರತಿದಿನ ಬೆಳಿಗ್ಗೆ ಮಳೆಮಾಪಕವನ್ನು ನೋಡಿ, ಹಿಂದಿನ ದಿನ ಬಿದ್ದ ಮಳೆಯನ್ನು ಇಂಚು ಮತ್ತು ಸೆಂಟುಗಳಲ್ಲಿ ಪುಸ್ತಕಕ್ಕೆ ಬರೆದಿಡುವ ಪದ್ಧತಿ ಇದೆ. ಹೂಮಳೆ ಯಾವ ವಾರದಲ್ಲಿ ಬಂದೀತು, ಬೋರ್ಡೋ ದ್ರಾವಣವನ್ನು ಯಾವಾಗ ಸಿಂಪಡಿಸಿ ಮುಗಿಸಬೇಕು ಎಂಬ ನಿರ್ಧಾರಗಳಿಗೆಲ್ಲ ಆ ಪುಸ್ತಕವೇ ಆಧಾರ. ನಮ್ಮ ಭಾವನವರ ತಂದೆಯವರು ನಲವತ್ತು ವರ್ಷಗಳಿಗೂ ಮಿಗಿಲಾಗಿ ಒಂದು ದಿನವೂ ತಪ್ಪದೆ ಈ ಲೆಕ್ಕವನ್ನು ಬರೆದವರು. ಆ ಪುಸ್ತಕಗಳು ಮಲೆನಾಡಿನ ತೇವಕ್ಕೆ ಬೂಷ್ಟು ಹಿಡಿದು, ಗೆದ್ದಲಿಗೂ ತುತ್ತಾಗತೊಡಗಿದಾಗ ಅಕ್ಕ ಎರಡು ಮಳೆಗಾಲ ಕುಳಿತು ಅಂಕಿಗಳನ್ನೆಲ್ಲ ಗಣಕಯಂತ್ರಕ್ಕೆ ಏರಿಸಿದಳು. ಕೆಲಸ ಮುಗಿದ ಮೇಲೆ, ಮುಟ್ಟಿದರೆ ಪುಡಿಯಾಗುತ್ತಿದ್ದ ಆ ಹಾಳೆಗಳು ಬಚ್ಚಲ ಒಲೆಯ ಪಾಲಾದವು. ಅಂದಿನಿಂದ ಆ ನಲವತ್ತು ವರ್ಷಗಳ ಮಳೆ ಆ ಒಂದು ಗಣಕದೊಳಗೆ ಮಾತ್ರ ಉಳಿದಿತ್ತು. ತೋಟದ ಸಂಬಳದ ಲೆಕ್ಕ, ಬ್ಯಾಂಕಿನ ಕಾಗದಪತ್ರ, ಮಕ್ಕಳ ಬಾಲ್ಯದ ಚಿತ್ರಗಳು ಕೂಡ ಅಲ್ಲಿಯೇ ಇದ್ದವು.

ಎಂಬತ್ತು ದಾಟಿದ ಆ ಹಿರಿಯರಿಗೆ ಈಗ ಕಣ್ಣು ಮಂದ. ಆದರೂ ಪ್ರತಿದಿನ ಕಾಫಿ ಕುಡಿಯುವಾಗ “ನಿನ್ನೆ ಎಷ್ಟು ಬಿತ್ತು? ಬರೆದಿರಾ?” ಎಂದು ಕೇಳುವುದನ್ನು ಬಿಟ್ಟಿಲ್ಲ. ಗಣಕ ಕೆಟ್ಟ ಸುದ್ದಿಯನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಅವಸರದ ಮದ್ದು

ನನಗೆ ಕರೆ ಮಾಡುವ ಮುನ್ನವೇ ಹುಡುಗ ಪೇಟೆಯ ದುರಸ್ತಿಗಾರರೊಬ್ಬರನ್ನು ವಿಚಾರಿಸಿದ್ದನು. ದೂರವಾಣಿಯಲ್ಲಿ ಲಕ್ಷಣ ಕೇಳಿದವರು “ತಂದುಕೊಡಿ, ಫಾರ್ಮ್ಯಾಟ್ ಮಾಡಿಬಿಡೋಣ, ಹೊಸದರಂತೆ ಆಗುತ್ತದೆ” ಎಂದು ಹೇಳಿದ್ದರಂತೆ. ಫಾರ್ಮ್ಯಾಟ್ ಎಂದರೆ ಮನೆಯ ಬಾಗಿಲಿನ ಬೀಗ ತೆರೆಯಲಾಗಲಿಲ್ಲವೆಂದು ಮನೆಯನ್ನೇ ಕೆಡವಿ ಹೊಸದಾಗಿ ಕಟ್ಟುವಂತಹ ಕೆಲಸ. ಹೊಸ ಮನೆ ಸೊಗಸಾಗಿಯೇ ಇರುತ್ತದೆ. ಒಳಗಿದ್ದ ಪೆಟ್ಟಿಗೆ ಪಠಾರಿಗಳು ಮಾತ್ರ ಇರುವುದಿಲ್ಲ.

ಇಲ್ಲಿ ಗೃಹಸ್ಥರು ಮೊದಲಿಗೆ ಮನಗಾಣಬೇಕಾದ ಸಂಗತಿ ಒಂದಿದೆ. ಗಣಕ ಏಳದಿರುವುದು ಒಂದು ವಿಷಯ, ಅದರೊಳಗಿನ ಕಡತಗಳು ಹಾಳಾಗುವುದು ಬೇರೆಯೇ ವಿಷಯ. ಡಿಸ್ಕ್ ಕಟಕಟ ಸದ್ದು ಮಾಡುತ್ತಿದ್ದರೆ, ಅಥವಾ ಯಂತ್ರದ ಆರಂಭಿಕ ಸಿದ್ಧತೆಯ ಪುಟದಲ್ಲಿ ಅದರ ಹೆಸರೇ ಕಾಣದಿದ್ದರೆ, ಆಗ ಭಯಪಡಲು ಕಾರಣವುಂಟು. ಅಂತಹ ಡಿಸ್ಕನ್ನು ಮತ್ತೆ ಮತ್ತೆ ಚಾಲೂ ಮಾಡದೆ ಬಲ್ಲವರ ಕೈಗೆ ಕೊಡುವುದು ಲೇಸು. ಅಕ್ಕನ ಮನೆಯಲ್ಲಿ ಈ ಎರಡು ಲಕ್ಷಣಗಳೂ ಇರಲಿಲ್ಲ. ನೀಲಿ ಪರದೆಯ ಮೇಲೆ ‘ಇನಾಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ಬರಹ ಕಾಣುತ್ತಿತ್ತು. ಏಳಲು ಬೇಕಾದ ಡಿಸ್ಕನ್ನು ತಲುಪಲಾಗುತ್ತಿಲ್ಲ ಎಂದು ಅದರ ತಾತ್ಪರ್ಯ. ಡಿಸ್ಕ್ ಸತ್ತಿದೆ ಎಂದು ಅದು ಹೇಳುತ್ತಿಲ್ಲ, ಅದರ ದಾರಿ ಕಟ್ಟಿದೆ ಎಂದಷ್ಟೇ ಹೇಳುತ್ತಿದೆ. “ಯಾರಿಗೂ ಕೊಡಬೇಡ, ಏನನ್ನೂ ಒತ್ತಬೇಡ, ನಾಳೆ ಬರುತ್ತೇನೆ” ಎಂದು ಹುಡುಗನಿಗೆ ತಿಳಿಸಿ, ನನ್ನ ಗಣಕದಲ್ಲಿ 8 ಜಿಬಿಯ ಒಂದು ಪೆನ್‌ಡ್ರೈವಿಗೆ ವಿಂಡೋಸ್ 10ರ ಸ್ಥಾಪನಾ ಕಡತಗಳನ್ನು ತುಂಬಿಕೊಂಡೆನು. ಇದನ್ನು ಮಾಡಿಕೊಡುವ ಉಪಕರಣವನ್ನು ಮೈಕ್ರೋಸಾಫ್ಟ್ ಸಂಸ್ಥೆಯೇ ಉಚಿತವಾಗಿ ನೀಡುತ್ತದೆ. ಅತ್ತಿಗುಂಡಿಯ ಮಳೆಯಲ್ಲಿ ಅಷ್ಟು ದೊಡ್ಡ ಕಡತವನ್ನು ಇಳಿಸಿಕೊಳ್ಳುವುದು ಆಗದ ಮಾತಾದ್ದರಿಂದ ಈ ಸಿದ್ಧತೆ ಪೇಟೆಯಲ್ಲಿಯೇ ಆಗಬೇಕಾಗಿತ್ತು.

ಗಣಕ ಏಳುವ ಬಗೆ

ದುರಸ್ತಿಯನ್ನು ಹೇಳುವ ಮೊದಲು ರೋಗದ ಮೂಲವನ್ನು ತಿಳಿಯೋಣ. ತೋಟದವರಿಗೆ ಪರಿಚಿತವಾದ ಚೆಕ್‌ರೋಲಿನ ಉದಾಹರಣೆಯಿಂದ ಇದು ಸುಲಭವಾಗಿ ಅರ್ಥವಾದೀತು.

ಬೆಳಿಗ್ಗೆ ಮೇಸ್ತ್ರಿ ಚೆಕ್‌ರೋಲ್ ಹಿಡಿದು ಹೆಸರು ಕೂಗುತ್ತಾನೆ. ಹಣ್ಣಿನ ಕಾಲದಲ್ಲಿ ಮೂಟೆಗಳನ್ನು ಪಲ್ಪರ್ ಮನೆಗೆ ಕೈಯಿಂದ ಕೈಗೆ ದಾಟಿಸಲು ಐದು ಆಳುಗಳ ಸಾಲು ನಿಲ್ಲಬೇಕೆಂದು ಇಟ್ಟುಕೊಳ್ಳೋಣ. ಮೂರನೆಯ ಜಾಗದಲ್ಲಿ ಇಂತಹವನೇ ನಿಲ್ಲಬೇಕೆಂದು ಪುಸ್ತಕದಲ್ಲಿ ಬರೆದಿದೆ. ಅವನು ನಿನ್ನೆಯೇ ಲೆಕ್ಕ ತೀರಿಸಿಕೊಂಡು ಊರಿಗೆ ಹೋಗಿದ್ದಾನೆ, ಆದರೆ ಹೆಸರನ್ನು ಹೊಡೆದುಹಾಕಿಲ್ಲ. ಮನುಷ್ಯನಾದ ಮೇಸ್ತ್ರಿಯಾದರೆ “ಅವನು ಹೋದನಲ್ಲ” ಎಂದು ಬೇರೊಬ್ಬನನ್ನು ನಿಲ್ಲಿಸಿಯಾನು. ಯಂತ್ರದ ಮೇಸ್ತ್ರಿಗೆ ಆ ವಿವೇಕವಿಲ್ಲ. ಅವನು ಹೆಸರು ಕೂಗುತ್ತಾನೆ, ಓಗೊಡುವವರಿಲ್ಲ, ಸಾಲು ಪೂರ್ಣವಾಗಲಿಲ್ಲವೆಂದು ಮೂಟೆಯನ್ನು ಎತ್ತಲು ಬಿಡುವುದೇ ಇಲ್ಲ. ಉಗ್ರಾಣದಲ್ಲಿ ಮಾಲು ಭದ್ರವಾಗಿದೆ. ಅದು ಈಚೆಗೆ ಬರುವ ದಾರಿ ಇಲ್ಲ.

ವಿಂಡೋಸ್ ಗಣಕದಲ್ಲಿ ಆ ಚೆಕ್‌ರೋಲಿಗೆ ರಿಜಿಸ್ಟ್ರಿ ಎಂದು ಹೆಸರು. ಡಿಸ್ಕಿಗೂ ಉಳಿದ ವ್ಯವಸ್ಥೆಗೂ ನಡುವೆ ಸಾಲಾಗಿ ನಿಲ್ಲುವ ಪುಟ್ಟ ಕಾರ್ಯಕ್ರಮಗಳನ್ನು ಫಿಲ್ಟರ್ ಡ್ರೈವರ್ ಎನ್ನುತ್ತಾರೆ. ಸ್ವಿಚ್ ಒತ್ತಿದ ಕೂಡಲೇ ಮೊದಲ ಹಂತದಲ್ಲಿ ಯಂತ್ರದೊಡನೆಯೇ ಬಂದ ಮೂಲ ತಂತ್ರಾಂಶವು ಡಿಸ್ಕನ್ನು ನೇರವಾಗಿ ಓದುತ್ತದೆ. ಅದಕ್ಕೆ ಈ ಸಾಲಿನ ಹಂಗಿಲ್ಲ. ಆದಕಾರಣವೇ ವಿಂಡೋಸಿನ ಚಿಹ್ನೆ ಕ್ಷಣಕಾಲ ಪರದೆಯ ಮೇಲೆ ಮೂಡುತ್ತದೆ. ಅನಂತರ ವಿಂಡೋಸ್ ತಾನೇ ಅಧಿಕಾರ ವಹಿಸಿಕೊಂಡು ತನ್ನ ಸಾಲಿನ ಮೂಲಕ ಡಿಸ್ಕನ್ನು ಕೇಳುತ್ತದೆ. ಸಾಲಿನಲ್ಲಿ ಒಬ್ಬ ಇಲ್ಲದಿದ್ದರೆ ಅಲ್ಲಿಗೆ ಎಲ್ಲವೂ ನಿಂತು ನೀಲಿ ಪರದೆ ಬರುತ್ತದೆ. ಚಿಹ್ನೆ ಮೂಡಿ ಆಮೇಲೆ ನೀಲಿಯಾಗುವ ಈ ಕ್ರಮವು ಡಿಸ್ಕ್ ಬಹುತೇಕ ಆರೋಗ್ಯವಾಗಿದೆ ಎಂಬುದರ ಒಳ್ಳೆಯ ಸೂಚನೆ.

ಬ್ಯಾಕಪ್ ತಂತ್ರಾಂಶ ಅಲ್ಲೇಕೆ ನಿಂತಿತ್ತು?

ಪತ್ರ ಬರೆಯುವ ತಂತ್ರಾಂಶವನ್ನೋ ಹಾಡು ಕೇಳಿಸುವ ತಂತ್ರಾಂಶವನ್ನೋ ತೆಗೆದುಹಾಕಿದರೆ ಗಣಕ ಹೀಗೆ ಮುಷ್ಕರ ಹೂಡುವುದಿಲ್ಲ. ಬ್ಯಾಕಪ್, ಅಂದರೆ ಮೀಸಲು ಪ್ರತಿ ಮಾಡುವ ತಂತ್ರಾಂಶದ ಸ್ವಭಾವವೇ ಬೇರೆ. ನಾವು ಕೆಲಸ ಮಾಡುತ್ತಿರುವಾಗಲೇ ಅದು ಇಡೀ ಡಿಸ್ಕಿನ ಪಡಿಯಚ್ಚನ್ನು ತೆಗೆಯಬೇಕು. ನಿನ್ನೆಯಿಂದ ಇಂದಿಗೆ ಯಾವ ಭಾಗ ಬದಲಾಯಿತೆಂದು ಕಣ್ಣಿಟ್ಟಿರಬೇಕು. ಹೊರಗೆ ನಿಂತು ಈ ಕೆಲಸವಾಗದು. ಆದ್ದರಿಂದ ಅಂತಹ ಅನೇಕ ತಂತ್ರಾಂಶಗಳು ತಮ್ಮ ಆಳೊಬ್ಬನನ್ನು ಡಿಸ್ಕಿನ ಸಾಲಿನಲ್ಲಿಯೇ ನಿಲ್ಲಿಸುತ್ತವೆ. ಹೋಗಿಬರುವ ಪ್ರತಿಯೊಂದು ಮೂಟೆಯೂ ಅವನ ಕೈ ದಾಟಿಯೇ ಹೋಗಬೇಕು. ವೈರಸ್ ನಿರೋಧಕಗಳೂ ಡಿಸ್ಕಿಗೆ ಬೀಗ ಹಾಕುವ ಗೂಢಲಿಪಿ ತಂತ್ರಾಂಶಗಳೂ ಇದೇ ರೀತಿ ವ್ಯವಸ್ಥೆಯ ಒಳಮನೆಯಲ್ಲಿ ಠಾಣೆ ಹೂಡುವಂತಹವು.

ಇಷ್ಟು ಒಳಗೆ ಕುಳಿತವನು ಎಡವಿದರೆ ಏನಾಗುತ್ತದೆಂಬುದನ್ನು 2024ರ ಜುಲೈ 19ರಂದು ಇಡೀ ಜಗತ್ತು ಕಂಡಿತು. ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯ ರಕ್ಷಣಾ ತಂತ್ರಾಂಶಕ್ಕೆ ಬಂದ ಒಂದು ಪುಟ್ಟ ಕಡತದ ದೋಷದಿಂದ, ಮೈಕ್ರೋಸಾಫ್ಟಿನ ಅಂದಾಜಿನಂತೆ ಸುಮಾರು 85 ಲಕ್ಷ ವಿಂಡೋಸ್ ಗಣಕಗಳು ನೀಲಿ ಪರದೆಗೆ ಬಿದ್ದವು. ನಮ್ಮ ದೇಶದ ಕೆಲವು ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸುಗಳನ್ನು ಕೊಡಬೇಕಾಯಿತು. ಆ ಗಣಕಗಳ ಡಿಸ್ಕುಗಳಿಗೆ ಯಾವ ಕೇಡೂ ಆಗಿರಲಿಲ್ಲ. ಬಹಳಷ್ಟು ಕಡೆಗಳಲ್ಲಿ ಪರಿಹಾರವೂ ಸರಳವಾಗಿತ್ತು. ಯಂತ್ರವನ್ನು ದುರಸ್ತಿ ಕ್ರಮದಲ್ಲಿ ಎಬ್ಬಿಸಿ ಆ ಒಂದು ಕಡತವನ್ನು ಅಳಿಸಬೇಕಾಗಿತ್ತು. ಒಂದೊಂದು ಯಂತ್ರದ ಮುಂದೆಯೂ ಒಬ್ಬ ಮನುಷ್ಯ ಹೋಗಿ ಕೂರಬೇಕಾದದ್ದೇ ಕಷ್ಟವಾಯಿತು. ಅಕ್ಕನ ಮನೆಯ ಕಥೆಯೂ ಇದರ ಸಣ್ಣ ರೂಪವೇ.

ಅಲ್ಲಿ ನಡೆದದ್ದಿಷ್ಟು. ಬ್ಯಾಕಪ್ ತಂತ್ರಾಂಶದ ವಾಯಿದೆ ಮುಗಿದು ಎರಡು ವರ್ಷಗಳಾಗಿದ್ದವು. ದಿನಕ್ಕೆ ಹತ್ತು ಸಲ ಪರದೆಯ ಮೂಲೆಯಲ್ಲಿ ಕಾಣಿಸಿಕೊಂಡು ಹಣ ಕಟ್ಟಿರೆಂದು ಕೇಳುತ್ತಿದ್ದ ಅದನ್ನು ಹುಡುಗ ಬೇಸತ್ತು ತೆಗೆಯಹೊರಟನು. ಅರ್ಧ ಕೆಲಸವಾಗಿತ್ತು, ವಿದ್ಯುತ್ತು ಹೋಯಿತು. ಯುಪಿಎಸ್ಸಿನ ಬ್ಯಾಟರಿ ಹಳೆಯದಾಗಿ ಶಕ್ತಿಗುಂದಿತ್ತು. ಆಳನ್ನು ಹೊರಗೆ ಕಳುಹಿಸಿ ಆಗಿತ್ತು, ಪುಸ್ತಕದಿಂದ ಹೆಸರನ್ನು ತೆಗೆಯುವಷ್ಟರಲ್ಲಿ ಕತ್ತಲಾಯಿತು. ವಿದ್ಯುತ್ತು ಹೋಗದಿದ್ದರೂ, ತೆಗೆಯುವ ಕಾರ್ಯಕ್ರಮದಲ್ಲಿಯೇ ಲೋಪವಿದ್ದರೆ ಇಂತಹ ಅವಶೇಷ ಉಳಿಯುವುದುಂಟು.

ಅತ್ತಿಗುಂಡಿಯಲ್ಲಿ ನಾವು ಮಾಡಿದ್ದು

ಮರುದಿನ ಹನ್ನೊಂದರ ವೇಳೆಗೆ ನಾನು ತಲುಪಿದಾಗ ಹಿರಿಯರು ಜಗುಲಿಯಲ್ಲಿ ಕುಳಿತಿದ್ದರು. “ಏನು, ಇಷ್ಟು ಮಳೆಯಲ್ಲಿ ಬಂದಿರಿ?” ಎಂದರು. ಅಕ್ಕನನ್ನು ನೋಡಿಹೋಗಲು ಬಂದೆನೆಂದು ಹೇಳಿದೆನು. ಅದು ಅರ್ಧ ಸತ್ಯ.

ಮೊದಲ ಹೆಜ್ಜೆಯಾಗಿ ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿದೆವು. ಭಾಷೆಯನ್ನು ಆರಿಸಿದ ಮೇಲೆ ‘ಸ್ಥಾಪಿಸು’ ಎಂಬ ದೊಡ್ಡ ಗುಂಡಿ ಎದುರಿಗೆ ಬರುತ್ತದೆ. ಅದನ್ನು ಒತ್ತಕೂಡದು. ಎಡಗಡೆಯ ಕೆಳಮೂಲೆಯಲ್ಲಿ ಗಣಕವನ್ನು ದುರಸ್ತಿ ಮಾಡುವ ಸಾಲೊಂದು ಸಣ್ಣದಾಗಿ ಇರುತ್ತದೆ. ಅದೇ ನಮ್ಮ ದಾರಿ. ಅಲ್ಲಿಂದ ‘ಟ್ರಬಲ್‌ಶೂಟ್’, ಅದರೊಳಗೆ ‘ಅಡ್ವಾನ್ಸ್ಡ್ ಆಪ್ಷನ್ಸ್’. ಏಳಲು ಕೆಲವು ಬಾರಿ ಸೋತ ಯಂತ್ರ ಪೆನ್‌ಡ್ರೈವ್ ಇಲ್ಲದೆಯೇ ಈ ಪುಟಕ್ಕೆ ತಾನಾಗಿ ಬರುವುದೂ ಉಂಟು.

ಎರಡನೆಯ ಹೆಜ್ಜೆ, ದುರಸ್ತಿಗೆ ಕೈಹಾಕುವ ಮೊದಲೇ ಕಡತಗಳನ್ನು ಹೊರಗೆ ತೆಗೆಯುವುದು. ‘ಕಮಾಂಡ್ ಪ್ರಾಂಪ್ಟ್’ ತೆರೆದು ‘ನೋಟ್‌ಪ್ಯಾಡ್’ ಎಂದು ಬೆರಳಚ್ಚಿಸಿದರೆ ಬರೆಯುವ ಪುಟ ಬರುತ್ತದೆ. ಅದರ ‘ಓಪನ್’ ಆಜ್ಞೆಯನ್ನು ಒತ್ತಿ, ಎಲ್ಲ ಬಗೆಯ ಕಡತಗಳನ್ನೂ ತೋರಿಸುವಂತೆ ಆರಿಸಿದರೆ ಇಡೀ ಡಿಸ್ಕ್ ಕಣ್ಣೆದುರಿಗೆ ತೆರೆದುಕೊಳ್ಳುತ್ತದೆ. ಬೇಕಾದ ಕಡತಕೋಶವನ್ನು ಅಲ್ಲಿಯೇ ನಕಲಿಸಿ ಹೊರಗಿನ ಡಿಸ್ಕಿಗೆ ಅಂಟಿಸಬಹುದು. ಎಷ್ಟು ಮುಗಿಯಿತೆಂದು ತೋರಿಸುವ ಪಟ್ಟಿ ಇಲ್ಲಿ ಕಾಣದಿರಬಹುದು, ತಾಳ್ಮೆ ಬೇಕು. ಸಾಮಾನ್ಯವಾಗಿ ‘ಸಿ’ ಎಂದು ಕರೆಯಲ್ಪಡುವ ಡಿಸ್ಕ್ ಈ ದುರಸ್ತಿ ಕ್ರಮದಲ್ಲಿ ‘ಡಿ’ ಅಥವಾ ಬೇರೆ ಅಕ್ಷರ ಹೊತ್ತಿರಬಹುದು. ‘ವಿಂಡೋಸ್’ ಮತ್ತು ‘ಯೂಸರ್ಸ್’ ಎಂಬ ಕಡತಕೋಶಗಳನ್ನು ನೋಡಿ ಗುರುತಿಸಬೇಕು. ಅಕ್ಕನ ಮನೆಯಲ್ಲಿ ಅದು ‘ಡಿ’ ಆಗಿತ್ತು. ‘ಮಳೆ’ ಎಂಬ ಕಡತಕೋಶ ಕಂಡಾಗ ನನ್ನ ಬೆನ್ನ ಹಿಂದೆ ನಿಂತಿದ್ದ ಅಕ್ಕ ಒಂದು ಮಾತನ್ನೂ ಆಡಲಿಲ್ಲ. ಎದ್ದು ಹೋಗಿ ಎಲ್ಲರಿಗೂ ಕಾಫಿ ಮಾಡಿಕೊಂಡು ಬಂದಳು.

ಹೊಸ ಲ್ಯಾಪ್‌ಟಾಪುಗಳನ್ನು ಉಳ್ಳವರಿಗೆ ಇಲ್ಲಿ ಒಂದು ಎಚ್ಚರಿಕೆ. ಅವುಗಳಲ್ಲಿ ಅನೇಕವು ಡಿಸ್ಕಿಗೆ ‘ಬಿಟ್‌ಲಾಕರ್’ ಎಂಬ ಬೀಗ ಹಾಕಿಕೊಂಡೇ ಬರುತ್ತವೆ. ದುರಸ್ತಿ ಕ್ರಮದಲ್ಲಿ ಅದು 48 ಅಂಕಿಗಳ ಕೀಲಿಯನ್ನು ಕೇಳೀತು. ಆ ಕೀಲಿ ಸಾಮಾನ್ಯವಾಗಿ ತಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಗಣಕ ನೆಟ್ಟಗಿರುವಾಗಲೇ ಅದನ್ನು ಕಾಗದದಲ್ಲಿ ಬರೆದು ಮನೆಯ ಮುಖ್ಯ ಪತ್ರಗಳೊಡನೆ ಇಟ್ಟುಕೊಳ್ಳುವುದು ಜಾಣತನ.

ಮೂರನೆಯ ಹೆಜ್ಜೆ ‘ಸಿಸ್ಟಮ್ ರಿಸ್ಟೋರ್’. ತಂತ್ರಾಂಶವನ್ನು ತೆಗೆಯುವುದಕ್ಕಿಂತ ಹಿಂದಿನ ದಿನಾಂಕದ ಗುರುತೊಂದು ಅಲ್ಲಿದ್ದರೆ, ಚೆಕ್‌ರೋಲೂ ಆಳೂ ಎರಡೂ ಹಳೆಯ ಸ್ಥಿತಿಗೆ ಮರಳಿ ಕೆಲಸ ಬೇಗನೆ ಮುಗಿದುಹೋಗಬಹುದು. ಸಾಧ್ಯವಿದ್ದಲ್ಲಿ ಎಲ್ಲಕ್ಕಿಂತ ಸುಲಭವಾದ ದಾರಿ ಇದು. ಆದರೆ ಆ ಗಣಕದಲ್ಲಿ ಈ ಏರ್ಪಾಡನ್ನು ಯಾರೂ ಚಾಲೂ ಮಾಡಿರಲಿಲ್ಲ. ನಿಮ್ಮ ಗಣಕದಲ್ಲಿ ಅದು ಚಾಲೂ ಇದೆಯೇ ಎಂದು ಇಂದೇ ನೋಡಿಕೊಳ್ಳಿರಿ.

ನಾಲ್ಕನೆಯದು ಪುಸ್ತಕವನ್ನೇ ತಿದ್ದುವ ಕೆಲಸ. ಇದನ್ನು ಅನುಭವಸ್ಥರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡತಕ್ಕದ್ದು. ಮೊದಲು ‘ವಿಂಡೋಸ್’, ಅದರೊಳಗಿನ ‘ಸಿಸ್ಟಮ್32’, ಅದರೊಳಗಿನ ‘ಕಾನ್ಫಿಗ್’ ಎಂಬಲ್ಲಿರುವ ‘ಸಿಸ್ಟಮ್’ ಎಂಬ ಕಡತದ ಒಂದು ಪ್ರತಿಯನ್ನು ಹೊರಗೆ ತೆಗೆದಿಟ್ಟೆವು. ತಿದ್ದುವಾಗ ತಪ್ಪಿದರೆ ಮೊದಲಿನ ಸ್ಥಿತಿಗಾದರೂ ಮರಳಬಹುದಷ್ಟೆ. ಆಮೇಲೆ ‘ರೆಜ್‌ಎಡಿಟ್’ ಎಂಬ ಆಜ್ಞೆ ಕೊಟ್ಟೆವು. ಇಲ್ಲಿ ಅನೇಕರು ಎಡವುತ್ತಾರೆ. ತೆರೆದ ಕೂಡಲೇ ಕಾಣುವ ಪುಸ್ತಕ ಪೆನ್‌ಡ್ರೈವಿನ ದುರಸ್ತಿ ವ್ಯವಸ್ಥೆಯದು, ನಮ್ಮ ಗಣಕದ್ದಲ್ಲ. ಅದನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ. ‘ಲೋಕಲ್ ಮಷೀನ್’ ಎಂದು ಕೊನೆಗೊಳ್ಳುವ ಶೀರ್ಷಿಕೆಯ ಮೇಲೆ ನಿಂತು, ‘ಲೋಡ್ ಹೈವ್’ ಆಜ್ಞೆಯಿಂದ ಆ ‘ಸಿಸ್ಟಮ್’ ಕಡತವನ್ನು ತೆರೆದು ಅದಕ್ಕೊಂದು ತಾತ್ಕಾಲಿಕ ಹೆಸರು ಕೊಡಬೇಕು. ಅದರೊಳಗಿನ ‘ಸೆಲೆಕ್ಟ್’ ಎಂಬಲ್ಲಿ ‘ಕರೆಂಟ್’ ಎದುರಿಗೆ 1 ಎಂದಿದ್ದರೆ ‘ಕಂಟ್ರೋಲ್‌ಸೆಟ್001’ ಎಂಬುದನ್ನೂ, ಅದರೊಳಗೆ ‘ಕಂಟ್ರೋಲ್’, ‘ಕ್ಲಾಸ್’ ಎಂಬುವನ್ನೂ ತೆರೆಯಬೇಕು.

‘ಕ್ಲಾಸ್’ ಒಳಗೆ ಅಂಕಿ ಅಕ್ಷರಗಳ ಉದ್ದನೆಯ ಹೆಸರುಗಳ ಸಾಲೇ ಇದೆ. ನಮಗೆ ಬೇಕಾದವು ಎರಡು. ‘4ಡಿ36ಇ967’ ಎಂದು ಆರಂಭವಾಗುವುದು ಡಿಸ್ಕಿನದು, ‘71ಎ27ಸಿಡಿಡಿ’ ಎಂದು ಆರಂಭವಾಗುವುದು ಡಿಸ್ಕಿನೊಳಗಿನ ವಿಭಾಗಗಳದು. ಎರಡರಲ್ಲಿಯೂ ‘ಅಪ್ಪರ್‌ಫಿಲ್ಟರ್ಸ್’, ‘ಲೋಯರ್‌ಫಿಲ್ಟರ್ಸ್’ ಎಂಬ ನಮೂದುಗಳಿರಬಹುದು. ಇವೇ ಸಾಲಿನಲ್ಲಿ ನಿಲ್ಲಬೇಕಾದ ಆಳುಗಳ ಪಟ್ಟಿ. ಡಿಸ್ಕಿನ ಪಟ್ಟಿಯಲ್ಲಿ ‘ಪಾರ್ಟ್‌ಎಂಜಿಆರ್’, ವಿಭಾಗಗಳ ಪಟ್ಟಿಯಲ್ಲಿ ‘ವಾಲ್‌ಸ್ನ್ಯಾಪ್’ ಎಂಬವು ವಿಂಡೋಸಿನ ಸ್ವಂತ ಆಳುಗಳು. ‘ಎಫ್‌ವಿಇವಾಲ್’, ‘ಐಒರೇಟ್’, ‘ಆರ್‌ಡಿವೈಬೂಸ್ಟ್’, ‘ಇಎಚ್‌ಸ್ಟಾರ್‌ಕ್ಲಾಸ್’ ಎಂಬವೂ ಹಾಗೆಯೇ. ಇವನ್ನು ಮುಟ್ಟಲೇಬಾರದು. ಸಿಡಿ ಡ್ರೈವ್ ಕೆಟ್ಟಾಗ ಇಡೀ ನಮೂದನ್ನೇ ಅಳಿಸಿರೆಂದು ಹೇಳುವ ಹಳೆಯ ಸಲಹೆಯೊಂದು ಪ್ರಚಾರದಲ್ಲಿದೆ. ಡಿಸ್ಕಿನ ಪಟ್ಟಿಗೆ ಅದನ್ನು ಅನ್ವಯಿಸಿದರೆ ಇದ್ದ ಆಳುಗಳೂ ಹೋಗಿ ಗಣಕ ಮತ್ತೊಮ್ಮೆ ಮಲಗುತ್ತದೆ.

ಅಕ್ಕನ ಗಣಕದ ಎರಡು ಪಟ್ಟಿಗಳಲ್ಲಿಯೂ ಒಂದು ಅಪರಿಚಿತ ಹೆಸರಿತ್ತು. ‘ಸಿಸ್ಟಮ್32’ ಒಳಗಿನ ‘ಡ್ರೈವರ್ಸ್’ ಕಡತಕೋಶದಲ್ಲಿ ಆ ಹೆಸರಿನ ಕಡತ ಇದೆಯೇ ಎಂದು ಹುಡುಕಿದೆವು. ಇರಲಿಲ್ಲ. ಹೆಸರು ಇದೆ, ಆಳು ಇಲ್ಲ. ಆ ಹೆಸರಿದ್ದ ಸಾಲನ್ನು ಮಾತ್ರ ಎರಡೂ ಕಡೆ ಅಳಿಸಿ, ಉಳಿದುದನ್ನು ಇದ್ದಂತೆಯೇ ಬಿಟ್ಟು, ‘ಅನ್‌ಲೋಡ್ ಹೈವ್’ ಆಜ್ಞೆಯಿಂದ ಪುಸ್ತಕವನ್ನು ಮುಚ್ಚಿದೆವು. ಪೆನ್‌ಡ್ರೈವ್ ಕಿತ್ತು ಯಂತ್ರವನ್ನು ಮತ್ತೆ ಹಾಕಿದೆವು. ಚಿಹ್ನೆ ಮೂಡಿತು, ಸ್ವಲ್ಪ ಹೊತ್ತು ತಿರುಗಿತು. ನೀಲಿ ಪರದೆ ಬರಲಿಲ್ಲ. ಬಂದದ್ದು ಮಕ್ಕಳು ಚಿಕ್ಕವರಿದ್ದಾಗಿನ ಚಿತ್ರವಿದ್ದ ಎಂದಿನ ಪರದೆ.

ಎಲ್ಲರ ಮನೆಯಲ್ಲಿಯೂ ಇದೇ ಉಪಾಯ ಫಲಿಸೀತೆಂದು ನಾನು ಭರವಸೆ ಕೊಡಲಾರೆ. ಅದೇ ನೀಲಿ ಪರದೆಗೆ ಬೇರೆ ಕಾರಣಗಳೂ ಉಂಟು. ಆರಂಭಿಕ ಸಿದ್ಧತೆಯ ಪುಟದಲ್ಲಿ ಡಿಸ್ಕ್ ನಡೆಯುವ ಕ್ರಮವನ್ನು ಯಾರಾದರೂ ಬದಲಿಸಿದ್ದರೂ ಹೀಗಾಗುತ್ತದೆ. ಕಡತಗಳನ್ನು ಹೊರಗೆ ತೆಗೆದು, ಅವು ಬೇರೊಂದು ಗಣಕದಲ್ಲಿ ತೆರೆದುಕೊಳ್ಳುತ್ತವೆಂದು ಕಣ್ಣಾರೆ ಕಂಡ ಮೇಲೆ ಫಾರ್ಮ್ಯಾಟ್ ಮಾಡಿಸುವುದರಲ್ಲಿ ಅವಮಾನವೇನಿಲ್ಲ. ಆ ಮದ್ದಿನ ಸರದಿ ಕೊನೆಯದು ಎಂಬುದಷ್ಟೇ ನನ್ನ ಬಿನ್ನಹ.

ತೆಗೆಯುವ ಮುನ್ನ

ಬ್ಯಾಕಪ್, ವೈರಸ್ ನಿರೋಧಕ ಮುಂತಾದ ಒಳಮನೆಯ ತಂತ್ರಾಂಶಗಳನ್ನು ತೆಗೆಯುವವರು ಈ ಕ್ರಮವನ್ನು ಪಾಲಿಸಿದರೆ ಇಷ್ಟೆಲ್ಲ ಕಷ್ಟಕ್ಕೆ ಬಹುಮಟ್ಟಿಗೆ ಅವಕಾಶವಿರುವುದಿಲ್ಲ.

1. ಮುಖ್ಯ ಕಡತಗಳ ಒಂದು ಪ್ರತಿಯನ್ನು ಹೊರಗಿನ ಡಿಸ್ಕಿಗೆ ಮಾಡಿಕೊಂಡು, ಅದನ್ನು ತೆರೆದು ನೋಡಿರಿ.

2. ‘ಸಿಸ್ಟಮ್ ರಿಸ್ಟೋರ್’ ಗುರುತೊಂದನ್ನು ಸ್ವತಃ ಮಾಡಿರಿ.

3. ವಿದ್ಯುತ್ತು ಸ್ಥಿರವಾಗಿರುವಾಗ, ಯುಪಿಎಸ್ ನಂಬಿಕೆಗೆ ಅರ್ಹವಾಗಿರುವಾಗ ಮಾತ್ರ ಕೈಹಾಕಿರಿ. ಮಳೆಗಾಲದ ಸಂಜೆ ಇದಕ್ಕೆ ಹೊತ್ತಲ್ಲ.

4. ಕಡತಕೋಶವನ್ನು ಕೈಯಾರೆ ಅಳಿಸದೆ ವಿಂಡೋಸಿನ ಪಟ್ಟಿಯಿಂದಲೇ ತಂತ್ರಾಂಶವನ್ನು ತೆಗೆಯಿರಿ. ತಯಾರಕರೇ ಶುಚಿ ಮಾಡುವ ಉಪಕರಣ ಕೊಟ್ಟಿದ್ದರೆ ಅದನ್ನು ಬಳಸಿರಿ.

5. ಗಣಕವನ್ನು ಮತ್ತೆ ಆರಂಭಿಸಿರೆಂದು ಕೇಳಿದಾಗ ಆರಂಭಿಸಿ, ಅದು ಸರಿಯಾಗಿ ಎದ್ದ ಮೇಲೆಯೇ ಬೇರೆ ಕೆಲಸಕ್ಕೆ ಹೋಗಿರಿ.

ಬರಿದಾದ ಜಾಗ

ಗಣಕ ಎದ್ದ ಸಂತೋಷದಲ್ಲಿ ನಾವು ಮರೆಯಬಹುದಾಗಿದ್ದ ಇನ್ನೊಂದು ವಿಷಯವನ್ನು ಭಾವನವರು ಎತ್ತಿದರು. “ಇಷ್ಟು ವರ್ಷ ದುಡ್ಡು ಕೊಟ್ಟು ಬ್ಯಾಕಪ್ ಇಟ್ಟುಕೊಂಡಿದ್ದೆವಲ್ಲ, ಅದು ಎಲ್ಲಿದೆ? ಅದರಿಂದಲೇ ತೆಗೆಯಬಹುದಿತ್ತಲ್ಲವೇ?” ಪ್ರಶ್ನೆ ನ್ಯಾಯವಾದುದೇ. ಹೊರಗಿನ ಡಿಸ್ಕನ್ನು ಜೋಡಿಸಿ ನೋಡಿದೆವು. ಕೊನೆಯ ಪ್ರತಿ ಎರಡು ವರ್ಷ ಹಳೆಯದು, ಅಂದರೆ ವಾಯಿದೆ ಮುಗಿದ ದಿನದ್ದು. ಅದೂ ಆ ತಂತ್ರಾಂಶ ಮಾತ್ರ ತೆರೆಯಬಲ್ಲ ಒಂದೇ ದೊಡ್ಡ ಗಂಟಿನ ರೂಪದಲ್ಲಿತ್ತು. ಗಂಟನ್ನು ಬಿಚ್ಚಬಲ್ಲವನನ್ನೇ ನಾವು ಹೊರಗೆ ಕಳುಹಿಸಿದ್ದೆವು. ಬ್ಯಾಕಪ್ ಇದೆ ಎಂಬ ನೆಮ್ಮದಿಯಲ್ಲಿ ಎರಡು ವರ್ಷ ಕಳೆದ ಆ ಮನೆಯಲ್ಲಿ ನಿಜವಾಗಿ ಬ್ಯಾಕಪ್ಪೇ ಇರಲಿಲ್ಲ.

ಮೀಸಲು ಪ್ರತಿಯ ವಿಷಯದಲ್ಲಿ ಬಲ್ಲವರು ಹೇಳುವ ಸರಳ ಸೂತ್ರವೊಂದಿದೆ. ಪ್ರತಿಗಳು ಮೂರಿರಲಿ, ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಮನೆಯ ಹೊರಗಿರಲಿ. ಅಕ್ಕನ ಮನೆಯಲ್ಲಿ ಅದನ್ನು ಹೀಗೆ ಅಳವಡಿಸಿದೆವು. ಒಂದು ಪ್ರತಿ ಗಣಕದಲ್ಲಿದೆ. ಎರಡನೆಯದನ್ನು ಯಾವ ವಿಶೇಷ ತಂತ್ರಾಂಶದ ಹಂಗೂ ಇಲ್ಲದೆ, ಸಾಮಾನ್ಯ ಕಡತಗಳಾಗಿಯೇ ಹೊರಗಿನ ಡಿಸ್ಕಿಗೆ ಪ್ರತಿ ಭಾನುವಾರ ನಕಲು ಮಾಡುವುದು ಹುಡುಗನ ಹೊಣೆ. ನಕಲಾದ ಮೇಲೆ ಆ ಡಿಸ್ಕನ್ನು ಕಳಚಿ, ತೇವ ಹೀರುವ ಸಿಲಿಕಾ ಪೊಟ್ಟಣದೊಡನೆ ಬಿಗಿಮುಚ್ಚಳದ ಡಬ್ಬಿಯಲ್ಲಿಡಬೇಕು. ಸದಾ ಜೋಡಿಸಿಯೇ ಇಟ್ಟರೆ ಬೇಸಗೆಯ ಸಿಡಿಲಿಗೆ ಎರಡೂ ಒಟ್ಟಿಗೆ ಹೋದಾವು. ಮೂರನೆಯದು ಬೆಂಗಳೂರಿನಲ್ಲಿರುವ ಮಗಳ ಮನೆಯ ಪೆನ್‌ಡ್ರೈವಿನಲ್ಲಿ; ಹಬ್ಬಕ್ಕೆ ಬಂದಾಗಲೆಲ್ಲ ಹೊಸದಾಗಿ ತುಂಬಿಸಿಕೊಂಡು ಹೋಗುತ್ತಾಳೆ.

ಕನ್ನಡದಲ್ಲಿ ಬರೆದಿಡುವವರಿಗೆ ಇನ್ನೊಂದು ಮಾತು. ಮಳೆಯ ಅಂಕಿಗಳ ಪಕ್ಕದಲ್ಲಿ ಅಕ್ಕ ಬರೆದಿದ್ದ ಟಿಪ್ಪಣಿಗಳೆಲ್ಲ ನುಡಿ ತಂತ್ರಾಂಶದ ಹಳೆಯ ಬಗೆಯ ಅಕ್ಷರಗಳಲ್ಲಿದ್ದವು. ಆ ಅಕ್ಷರ ವಿನ್ಯಾಸವಿಲ್ಲದ ನನ್ನ ಗಣಕದಲ್ಲಿ ಅವು ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳಾಗಿ ಕಂಡವು. ಅವನ್ನೂ ಯೂನಿಕೋಡಿಗೆ ಪರಿವರ್ತಿಸಿದೆವು. ಮುಂದೊಂದು ದಿನ ಓದಲಾಗದ ಪ್ರತಿ ಇದ್ದರೂ ಇಲ್ಲದಂತೆಯೇ ಸರಿ.

ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ಹಳೆಯ ಗಣಕಗಳನ್ನು ಬದಲಿಸುವ, ಹಳೆಯ ತಂತ್ರಾಂಶಗಳನ್ನು ಕಿತ್ತು ಹೊಸದನ್ನು ಹಾಕುವ ಕೆಲಸ ಹಲವು ಮನೆಗಳಲ್ಲಿ ನಡೆಯುತ್ತಿರುವುದರಿಂದ ಈ ತಿಂಗಳು ಇದನ್ನು ಇಷ್ಟು ವಿಸ್ತಾರವಾಗಿ ಬರೆದೆನು.

ಹೊರಡುವ ಮುನ್ನ ಅಕ್ಕ ಮಳೆಯ ಲೆಕ್ಕವನ್ನೆಲ್ಲ ದಪ್ಪ ಅಕ್ಷರಗಳಲ್ಲಿ ಮುದ್ರಿಸಿಕೊಡಲು ಹೇಳಿದಳು. ಪೇಟೆಯಲ್ಲಿ ಮುದ್ರಿಸಿ, ಬೈಂಡು ಹಾಕಿಸಿ ಮುಂದಿನ ವಾರ ಕಳುಹಿಸಿದೆನು. ಹಿರಿಯರು ಅದನ್ನು ಕಣ್ಣಿನ ಹತ್ತಿರ ಹಿಡಿದು ಪುಟ ತಿರುವಿದರಂತೆ. ಒಂದು ವರ್ಷದ ಜುಲೈ ತಿಂಗಳಲ್ಲಿ ಬೆರಳಿಟ್ಟು “ಇದು ತಪ್ಪು, ಆ ದಿನ ಇದಕ್ಕಿಂತ ಹೆಚ್ಚು ಬಿದ್ದಿತ್ತು, ಸೇತುವೆಯ ಮೇಲೆ ನೀರು ಹರಿದಿತ್ತು” ಎಂದರಂತೆ. ಟೈಪು ಮಾಡುವಾಗ ಅಂಕಿ ಹಿಂದುಮುಂದಾಗಿತ್ತೋ ಏನೋ, ಅಕ್ಕನಿಗೆ ನೆನಪಿಲ್ಲ. ಪೆನ್ನು ತೆಗೆದುಕೊಂಡು ಅವರು ಹೇಳಿದ ಅಂಕಿಯನ್ನು ಪಕ್ಕದಲ್ಲಿ ಬರೆದುಕೊಂಡಿದ್ದಾಳೆ. ಗಣಕದಲ್ಲಿಯೂ ತಿದ್ದಿ, ಆ ಭಾನುವಾರದ ಪ್ರತಿಯಲ್ಲಿ ಸೇರಿಸಿದ್ದಾಳೆ.